ಉಪ್ಪಿನ ಓಡದ ಹಾಡು

"ನಿಲ್ಲಿಸಿ... ಅದು ಹಾಗಲ್ಲ."

ಕತ್ತಲೆ ಕೋಣೆಯ ಹಿಂದಿನಿಂದ ಬಂದ ಆ ಹೆಣ್ಣುದನಿಗೆ ಮಕ್ಕಳೆಲ್ಲ ಒಮ್ಮೆಲೇ ತಿರುಗಿದರು. ಮೈಕು ಹಿಡಿದವನ ಮಾತು ಅರ್ಧಕ್ಕೇ ನಿಂತಿತು. ಪರದೆಯ ಮೇಲಿನ ಬೂದು ಕುದುರೆ ಮಾತ್ರ ಯಾರ ಹಂಗೂ ಇಲ್ಲದೆ ಓಡುತ್ತಲೇ ಇತ್ತು.

ಮಾತಾಡಿದ್ದು ತಾನೇ ಎಂದು ತಿಳಿಯಲು ರಾಜೀವಿಗೆ ಒಂದು ಗಳಿಗೆ ಬೇಕಾಯಿತು. ಅಯ್ಯೋ, ಯಾಕಾದರೂ ಬಾಯಿ ಬಿಟ್ಟೆನೋ... ಹೆಡ್‌ಮಾಸ್ಟರು ಮುಂದಿನ ಬೆಂಚಿನಲ್ಲೇ ಕೂತಿದ್ದಾರೆ!

ಅದು ೧೯೬೩ರ ಜನವರಿ. ಪುಂಜಾಲಕಟ್ಟೆಯ ಶಾಲೆಗೆ ಮಂಗಳೂರಿನಿಂದ ಸಿನಿಮಾ ವ್ಯಾನು ಬಂದ ದಿನ. ಊರಿಗೆ ಕರೆಂಟು ಇನ್ನೂ ಬಂದಿರಲಿಲ್ಲ. ವ್ಯಾನಿನ ಜನರೇಟರು ಹೊರಗೆ ಗುಡುಗುಡು ಅನ್ನುತ್ತಿತ್ತು. ಹಾಡುಹಗಲಲ್ಲಿ ಸಿನಿಮಾ ತೋರಿಸಬೇಕಲ್ಲ, ಅದಕ್ಕೆ ಐದನೇ ಕ್ಲಾಸಿನ ಕಿಟಕಿಗಳಿಗೆಲ್ಲ ಅಕ್ಕಿ ಗೋಣಿ ಹೊಡೆದು, ಬಾಗಿಲಿಗೆ ಚಾಪೆ ಇಳಿಬಿಟ್ಟಿದ್ದರು. ಆದರೂ ಹೆಂಚಿನ ಸಂದಿನಿಂದ ಬಿಸಿಲಿನ ಒಂದು ಕೋಲು ಇಳಿದು, ಅದರೊಳಗೆ ಧೂಳು ಮೆಲ್ಲಗೆ ತೇಲುತ್ತಿತ್ತು. ಗೋಣಿಯ ವಾಸನೆ, ಮಕ್ಕಳ ಬೆವರು, ಪರದೆಯ ಮೇಲೆ ನೀಲಿ ಕೋಟೆ, ಕೆಂಪು ರಿಬ್ಬನ್ನು... ರಾಜೀವಿಗೆ ಎಲ್ಲವೂ ಬೆಳಗಿನ ಜಾವದ ಕನಸಿನ ಹಾಗೆ ಕಂಡಿತ್ತು.

ಅದೊಂದು ಹಳೆಯ ಇಂಗ್ಲಿಷ್ ಕಾರ್ಟೂನು. ಅಲ್ಲಿಯ ಮಕ್ಕಳು ಹಗ್ಗದಾಟದಲ್ಲಿ ಹೇಳುವ ಪುಟ್ಟ ಪುಟ್ಟ ಹಾಡುಗಳ ಹಿಂದೆ ಯಾವ ಕಾಲದ ಯಾವ ಸಂಗತಿ ಅಡಗಿದೆ ಎಂದು ಹುಡುಕಿ ತೋರಿಸುವ ಚಿತ್ರ. ಬೂದು ಕುದುರೆ ಏರಿ ರಿಬ್ಬನ್ನು ತರಲು ಹೋದ ರಾಣಿ ತಿರುಗಿ ಬರಲಿಲ್ಲ ಎಂದು ಹಾಡು. ಯಾಕೆ ಬರಲಿಲ್ಲ ಎಂಬುದು ಚಿತ್ರ.

ನಮ್ಮ ಮಕ್ಕಳಿಗೆ ಇಂಗ್ಲಿಷ್ ಎಲ್ಲಿ ತಿಳಿಯಬೇಕು? ಹಾಗಾಗಿ ಯಂತ್ರ ಓಡಿಸುವವನೇ ಚಿತ್ರದ ದನಿ ತಗ್ಗಿಸಿ, ಮೈಕಿನಲ್ಲಿ ಕನ್ನಡದಲ್ಲಿ ಹೇಳುವುದು ವಾಡಿಕೆ. ಅವನು ಹೇಳಿದ್ದು ಹೀಗೆ: ರಾಣಿ ತವರಿಗೆ ಹೋದಳು, ಜೋರು ಮಳೆ ಬಂತು, ಹೊಳೆ ತುಂಬಿತು, ಕಡವಿನ ದೋಣಿ ನಿಂತಿತು, ಹಾಗಾಗಿ ಅಲ್ಲೇ ಉಳಿದಳು!

"ಹಾಗಾದರೆ ಹೇಗೆ ಟೀಚರೇ?" ಕತ್ತಲೆಯಲ್ಲಿ ಅವನ ದನಿ ಕೇಳಿತು. ಅದರಲ್ಲಿ ಸಿಟ್ಟಿರಲಿಲ್ಲ.

"ಅವಳ ದಾಯಾದಿಗಳು ಅವಳನ್ನು ಕೋಟೆಯಲ್ಲಿ ಕೂಡಿಹಾಕಿದ್ದು. ಇಂಗ್ಲಿಷಿನಲ್ಲಿ ಹಾಗೆಯೇ ಹೇಳ್ತಾ ಉಂಟು."

ಅವನು ಮಕ್ಕಳ ತಲೆಗಳ ಮೇಲಿಂದ ಮೈಕನ್ನು ಅವಳತ್ತ ಚಾಚಿದ. ಯಂತ್ರದ ಬೆಳಕು ಅವನ ಮುಖದ ಅರ್ಧಕ್ಕೆ ಮಾತ್ರ ಬಿದ್ದಿತ್ತು. ಆ ಅರ್ಧ ಮುಖ ನಗುತ್ತಿತ್ತು.

ಮೈಕು ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಗುಲಿತು. ಉಳಿದ ಕಥೆಯನ್ನು ರಾಜೀವಿ ಹೇಗೆ ಹೇಳಿ ಮುಗಿಸಿದಳೋ ಅವಳಿಗೇ ಗೊತ್ತಿಲ್ಲ.

* * *

ಅವನ ಹೆಸರು ನಿತ್ಯಾನಂದ. ಬಂಟ್ವಾಳದ ಕಡೆಯವನು, ರಾಜೀವಿಯ ಮನೆಯವರ ಹಾಗೆಯೇ ಬೇಸಾಯದ ಕುಟುಂಬ. ಹತ್ತನೆಯ ತರಗತಿ ಮುಗಿಸಿ ಯಂತ್ರದ ಕೆಲಸ ಕಲಿತು, ಊರೂರಿಗೆ ವ್ಯಾನು ತೆಗೆದುಕೊಂಡು ಹೋಗುತ್ತಿದ್ದ. ಚಿತ್ರದವರು ಅಷ್ಟು ವೇಗವಾಗಿ ಇಂಗ್ಲಿಷ್ ಮಾತಾಡಿದರೆ ತನಗೆ ನಾಲ್ಕರಲ್ಲಿ ಒಂದು ಮಾತೂ ಹಿಡಿಯುವುದಿಲ್ಲ ಎಂದು ಅವನೇ ಒಪ್ಪಿಕೊಂಡ. ಅದಕ್ಕೇ ಚಿತ್ರ ನೋಡಿ ಕಥೆ ಕಟ್ಟುತ್ತಿದ್ದನಂತೆ. ಹೆಡ್‌ಮಾಸ್ಟರಿಗೆ ನಗು ತಡೆಯಲಿಲ್ಲ. ವ್ಯಾನು ಇಲ್ಲೇ ಬಿಡಾರ ಹೂಡಿ ಸುತ್ತಲಿನ ಶಾಲೆಗಳಿಗೆ ಹೋಗುವಷ್ಟು ದಿನ, ಸಂಜೆ ಒಂದು ಗಂಟೆ ಕೂತು ಇಂಗ್ಲಿಷಿನ ಅರ್ಥ ಹೇಳಿಕೊಡಿ ಎಂದು ಅವರು ರಾಜೀವಿಗೇ ಹೇಳಿದರು.

ಹಾಗೆ ಶುರುವಾಯಿತು ನೋಡಿ.

ಶಾಲೆ ಬಿಟ್ಟ ಮೇಲೆ ಗೋಣಿ ಹೊಡೆದ ಅದೇ ಕೋಣೆ. ಬಾಗಿಲ ಚಾಪೆ ಅರ್ಧ ಸುತ್ತಿಟ್ಟಿರುತ್ತಿತ್ತು. ಹೊರಗೆ ಜಗಲಿಯಲ್ಲಿ ಹೊಲಿಗೆ ಕಲಿಸುವ ಟೀಚರು ಕಸೂತಿ ಹಾಕುತ್ತಾ ಕೂತಿರುತ್ತಿದ್ದರು. ಪರದೆಯ ಮೇಲೆ ರಾಣಿ ಮತ್ತೆ ಮತ್ತೆ ಕುದುರೆ ಹತ್ತುತ್ತಿದ್ದಳು. ರಾಜೀವಿ ಒಂದೊಂದೇ ಮಾತು ಹೇಳುವಳು, ಅವನು ಕಣ್ಣು ಮುಚ್ಚಿ ಅದನ್ನು ಬಾಯಿಪಾಠ ಮಾಡುವನು. ಕಣ್ಣು ಮುಚ್ಚಿದವನನ್ನು ಎಷ್ಟು ನೋಡಿದರೂ ಯಾರು ಕೇಳುತ್ತಾರೆ? ರಾಜೀವಿ ನೋಡುತ್ತಿದ್ದಳು.

"ಕೂಡಿಹಾಕಿದರು ಅಂತ ಹೇಳ್ತೇನೆ ಟೀಚರೇ," ಎಂದ ಒಂದು ಸಂಜೆ. "ಆದರೆ ಸಣ್ಣ ಮಕ್ಕಳ ಮುಖ ನೋಡುವಾಗ ನನ್ನ ಹೊಳೆ ತುಂಬಿದ್ದೇ ಒಳ್ಳೆದಿತ್ತು ಅನ್ನಿಸ್ತದೆ. ಹೊಳೆ ಇಳಿದರೆ ಅವಳು ಬರ್ತಾಳೆ ಅಂತ ಒಂದು ಆಸೆಯಾದರೂ ಉಂಟಲ್ಲ."

ಎಂಥ ಮನುಷ್ಯ ಇವನು... ಎಂದೋ ಸತ್ತ ರಾಣಿಗೂ ವಾಪಸು ಬರಲು ದಾರಿ ಇಡುತ್ತಾನಲ್ಲ!

ಆ ಸಂಜೆಯೇ ಅವನು ಕೇಳಿದ್ದು, ನಮ್ಮ ಊರಿನ ಮಕ್ಕಳ ಹಾಡಿನ ಹಿಂದೆಯೂ ಹೀಗೆ ಏನಾದರೂ ಇರಬಹುದೇ ಎಂದು. ಎದುರಿನ ಅಂಗಳದಲ್ಲಿ ಮನೆಗೆ ಹೋಗದ ಮಕ್ಕಳು ಕೈ ಕೈ ಹಿಡಿದು ಸುತ್ತುತ್ತಿದ್ದರು. ಅವರು ಹಾಡುತ್ತಿದ್ದುದು ತುಳುವಿನ ಹಾಡು. ಬಂಟ್ವಾಳದಿಂದ ಮೂಡಬಿದ್ರೆಯವರೆಗೆ ಅದು ಗೊತ್ತಿಲ್ಲದ ಮಗು ಇರಲಿಲ್ಲ. ಓಡ ಅಂದರೆ ದೋಣಿ. ಕನ್ನಡದಲ್ಲಿ ಹೇಳಿದರೆ ಇಷ್ಟೇ:

ಉಪ್ಪಿನ ಓಡ ಬಂತು ಓ ಅಕ್ಕ,
ಮಜ್ಜಿಗೆ ಉಂಟೋ ಇಲ್ಲವೋ?
ಮಜ್ಜಿಗೆ ಉಂಟು, ಬೆಲ್ಲವೂ ಉಂಟು,
ದಡಕ್ಕೆ ಬಾರೋ ಓಡದವನೇ.

ರಾಜೀವಿಗೆ ಆ ಹಾಡಿನ ಹಿಂದಿನ ಸಂಗತಿ ಗೊತ್ತಿತ್ತು. ಹೇಳಬಾರದು. ಅಜ್ಜಿ ಅದನ್ನು ಅವಳೊಬ್ಬಳಿಗೇ ಹೇಳಿದ್ದು. ಇದು ನನ್ನೊಟ್ಟಿಗೇ ಹೋಗಬೇಕು ಮಗಾ, ಎಂದಿದ್ದಳು. ಆದರೆ ಗೋಣಿಯ ಸಂದಿನಿಂದ ಸಂಜೆಯ ಬಿಸಿಲು ಬರುತ್ತಿತ್ತು, ಅವನು ಆ ಹಾಡಿಗೇ ಕಿವಿಗೊಟ್ಟು ಕೂತಿದ್ದ... ಹೇಳಿಬಿಟ್ಟಳು.

ಆ ಹಾಡು ಕಟ್ಟಿದ್ದು ಅವಳ ಅಜ್ಜಿಯೇ. ಅಜ್ಜಿಯ ತವರು ಬಂಟ್ವಾಳದ ಹೊಳೆಬದಿ. ಆ ಕಾಲದಲ್ಲಿ ಮಂಗಳೂರಿನಿಂದ ನೇತ್ರಾವತಿಯಲ್ಲಿ ಉಪ್ಪಿನ ಓಡಗಳು ಬರುತ್ತಿದ್ದವು. ಓಡದ ಒಬ್ಬ ಬ್ಯಾರಿ ಮುಸ್ಲಿಂ ಹುಡುಗ ಬಾಯಾರಿಕೆಗೆ ದಡದ ಮನೆಯಲ್ಲಿ ಮಜ್ಜಿಗೆ ಕೇಳಿದ. ಹದಿನಾರರ ಹುಡುಗಿ ಕೊಟ್ಟಳು. ಮತ್ತೆ ಕೇಳಿದ, ಮತ್ತೆ ಕೊಟ್ಟಳು. ಅಣ್ಣನ ಮಗುವನ್ನು ತೊಟ್ಟಿಲಲ್ಲಿ ತೂಗುತ್ತಾ ಹಾಡಿದರೆ ಮನೆಯವರಿಗೆ ಅದು ಜೋಗುಳ. ಹೊಳೆಯಲ್ಲಿದ್ದವನಿಗೆ ಮಾತ್ರ ಅದು ಸುದ್ದಿ! ಅಪ್ಪ ಮನೆಯಲ್ಲಿ ಇಲ್ಲದಿದ್ದರೆ ಮಜ್ಜಿಗೆ ಉಂಟು, ಊರ ಮಕ್ಕಳ ಬಾಯಿಗೆ ಹಬ್ಬಿದ್ದು ಆ ಸಾಲೇ. ಅಪ್ಪ ಇದ್ದರೆ ಬೇರೆಯೇ ಸಾಲು.

"ಮಜ್ಜಿಗೆ ಇಲ್ಲ, ಬೆಲ್ಲವೂ ಇಲ್ಲ, ನೀರಲ್ಲೇ ಹೋಗೋ ಓಡದವನೇ," ಎಂದು ರಾಜೀವಿ ಮೆಲ್ಲಗೆ ಹಾಡಿದಳು. "ಈ ಸಾಲು ಯಾವ ಮಕ್ಕಳಿಗೂ ಗೊತ್ತಿಲ್ಲ. ಅಜ್ಜಿಗೆ ಗೊತ್ತು, ನನಗೆ ಗೊತ್ತು. ಈಗ ನಿಮಗೆ."

"ಆಮೇಲೆ?"

"ಆಮೇಲೆ ಎಂತ? ಅಜ್ಜಿಗೆ ಮದುವೆಯಾಯಿತು, ಹೊಳೆ ಇಲ್ಲದ ಈ ಪುಂಜಾಲಕಟ್ಟೆಗೆ ಬಂದರು. ಆದರೆ ಇವತ್ತಿಗೂ ಮಜ್ಜಿಗೆ ಕಡೆದರೆ ಒಂದು ಲೋಟ ಹೆಚ್ಚು ತೆಗೆದಿಡ್ತಾರೆ. ಯಾರಿಗೆ ಅಂತ ಕೇಳಿದರೆ, ದಾರಿಯಲ್ಲಿ ಹೋಗುವವರಿಗೆ ಅಂತಾರೆ."

ಇದು ನನ್ನ ಬಾಯಿಯಿಂದ ಹೊರಗೆ ಬರುವುದಿಲ್ಲ ಟೀಚರೇ, ಎಂದ ಅವನು. ಎಲ್ಲರಿಗೂ ಗೊತ್ತಿರುವ ಮೊದಲ ಸಾಲುಗಳನ್ನು ಮಾತ್ರ ಚಿತ್ರ ಮುಗಿದ ಮೇಲೆ ಮಕ್ಕಳಿಂದ ಹಾಡಿಸಬಹುದೇ ಎಂದು ಕೇಳಿದ. ರಾಜೀವಿ ಆಗಲಿ ಅಂದಳು.

ವ್ಯಾನು ಮೂಡಬಿದ್ರೆಯ ಕಡೆಗೆ ಹೊರಟ ಬೆಳಿಗ್ಗೆ, ರಸ್ತೆಯ ತಿರುವಿನಲ್ಲಿ ಧೂಳು ಅಡಗುವವರೆಗೂ ಅವಳು ಜಗಲಿಯಲ್ಲೇ ನಿಂತಿದ್ದಳು. ಬರ್ತೇನೆ ಎಂದಿದ್ದ. ಎಲ್ಲರೂ ಹೇಳುವ ಮಾತೇ ಅದು. ಅವಳಿಗೆ ಮಾತ್ರ ಅದು ಹಾಗೆ ಕೇಳಿಸಿರಲಿಲ್ಲ.

* * *

ಸುದ್ದಿ ತಂದವಳು ಮೂಡಬಿದ್ರೆಯ ದಮಯಂತಿ ಚಿಕ್ಕಮ್ಮ. ಅಮ್ಮನ ತಂಗಿ. ಬಸ್ಸಿನಿಂದ ಇಳಿದು ಕಾಲು ತೊಳೆಯುವ ಮೊದಲೇ ಊರಿನ ಸುದ್ದಿಯೆಲ್ಲ ಹೇಳಿ ಮುಗಿಸುವ ಹೆಂಗಸು.

ಮೂಡಬಿದ್ರೆ ಹತ್ತಿರದ ತೋಡಾರಿನ ಶಾಲೆಯಲ್ಲಿ ಸಿನಿಮಾ ಇತ್ತಂತೆ. ನೆರೆಮನೆಯವರು ಹೋಗಿದ್ದರಂತೆ. ನಮ್ಮ ಉಪ್ಪಿನ ಓಡದ ಹಾಡಿದೆಯಲ್ಲ, ಅದರ ಹಿಂದೆ ಒಂದು ಹುಡುಗಿ, ಒಬ್ಬ ಓಡದವನು ಇದ್ದರು ಅಂತ ಸಿನಿಮಾದವನು ಮೈಕಿನಲ್ಲಿ ಹೇಳಿದನಂತೆ! ಅದಕ್ಕೆ ಇನ್ನೊಂದು ಸಾಲೂ ಉಂಟಂತೆ. ಮಜ್ಜಿಗೆ ಇಲ್ಲ, ಬೆಲ್ಲವೂ ಇಲ್ಲ ಅಂತ...

ಕಾಲು ತೊಳೆಯಲು ನೀರು ತಂದಿದ್ದ ರಾಜೀವಿ ಚೊಂಬನ್ನು ಅಲ್ಲೇ ನೆಲಕ್ಕಿಟ್ಟಳು.

ಚಿಕ್ಕಮ್ಮ ದನಿ ತಗ್ಗಿಸಿದಳು. ನಾವು ಸಣ್ಣವರಿದ್ದಾಗ ಆ ಹಾಡು ಹೇಳಿದರೆ ಅಮ್ಮ, ನಿನ್ನ ಅಜ್ಜಿ, ಮಾತೇ ಆಡುತ್ತಿರಲಿಲ್ಲ, ಯಾಕೆ ಅಂತ ಈಗ ಯೋಚನೆ ಬರ್ತದೆ ನೋಡು, ಎಂದಳು.

ರಾಜೀವಿಗೆ ಒಳಗಿನ ಕೋಣೆಯಲ್ಲಿ ಅಜ್ಜಿ ಕೆಮ್ಮಿದ್ದು ಕೇಳಿತು. ಆ ಸಾಲು ಗೊತ್ತಿದ್ದುದು ಮೂರೇ ಜನಕ್ಕೆ. ಅಜ್ಜಿ ಹೇಳಿಲ್ಲ. ನಾನು ಹೇಳಿದ್ದು ಒಬ್ಬನಿಗೆ. ಅವನು ಮೈಕು ಹಿಡಿದು ಊರಿಗೇ ಹೇಳಿದ... ಕಥೆ ಕಟ್ಟುವುದೇ ಅವನ ಕಸುಬು, ನನಗೆ ಗೊತ್ತಿರಲಿಲ್ಲವೇ? ಒಂದು ಚಪ್ಪಾಳೆಗೆ ಅಜ್ಜಿಯ ಜೀವಮಾನದ ಮಾತನ್ನು ಎಸೆದನಲ್ಲ!

ಅವಳನ್ನು ಹೆಚ್ಚು ಸುಟ್ಟದ್ದು ಯಾವುದು, ಅಜ್ಜಿಗೆ ಆದ ದ್ರೋಹವೋ, ತನ್ನ ಆಸೆ ಮುರಿದದ್ದೋ? ಎರಡೂ ಒಂದೇ ಕಡೆ ಉರಿಯುತ್ತಿದ್ದವು.

ಬುಧವಾರ ಮಧ್ಯಾಹ್ನ ಅವನೇ ಬಂದ. ವ್ಯಾನನ್ನು ರಸ್ತೆಯಲ್ಲೇ ನಿಲ್ಲಿಸಿ, ಬಹಳ ಅವಸರದಲ್ಲಿ ಇದ್ದವನಂತೆ ಟೀಚರುಗಳ ಕೋಣೆಯ ಬಾಗಿಲಿಗೆ ಬಂದು ನಿಂತ. ಹೆಡ್‌ಮಾಸ್ಟರು, ಉಳಿದ ಮಾಸ್ತರರು ಎಲ್ಲ ಊಟದ ಬುತ್ತಿ ಬಿಚ್ಚಿ ಕೂತಿದ್ದರು.

"ಟೀಚರೇ, ಸ್ವಲ್ಪ ಹೊರಗೆ ಬರ್ತೀರಾ? ಒಂದು ಮಾತು..."

"ಮೈಕಿನಲ್ಲೇ ಹೇಳಿ," ಎಂದಳು ರಾಜೀವಿ. "ತೋಡಾರಿನಲ್ಲಿ ಹೇಳಿದ ಹಾಗೆ. ನಿಮ್ಮನ್ನು ನಂಬಿ ಹೇಳಿದ್ದಕ್ಕೆ ನನಗೆ ನಾಚಿಕೆ ಆಗ್ತದೆ."

ಅವನು ಬಾಯಿ ತೆರೆದ. ಕೂತಿದ್ದವರೆಲ್ಲರನ್ನೂ ಒಮ್ಮೆ ನೋಡಿದ. ಮುಚ್ಚಿದ.

"ಇದು ಇಲ್ಲಿ ಹೇಳುವ ಮಾತಲ್ಲ ಟೀಚರೇ."

"ಎಲ್ಲಿಯೂ ಹೇಳುವುದು ಬೇಡ. ಇನ್ನು ಬರುವುದೂ ಬೇಡ."

ಅವನು ಹೋದ. ಕಿಟಕಿಯಿಂದ ಅವಳಿಗೆ ಕಂಡದ್ದು ಇಷ್ಟು: ಶಾಲೆಯ ಬಾವಿಯ ಹತ್ತಿರ ನಿಂತ, ಚೀಲದಿಂದ ಏನೋ ತೆಗೆದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟ, ತಿರುಗಿ ನೋಡದೆ ವ್ಯಾನು ಹತ್ತಿದ.

ಸಂಜೆ ಎಲ್ಲರೂ ಹೋದ ಮೇಲೆ ರಾಜೀವಿ ಅಲ್ಲಿಗೆ ಹೋದಳು. ಒಣ ಬಾಳೆಲೆಯ ಪುಟ್ಟ ಕಟ್ಟು, ಬಾಳೆನಾರಿನಿಂದ ಬಿಗಿದದ್ದು. ಬಿಚ್ಚಿದರೆ ಒಳಗೆ ಒಂದು ಹಿಡಿ ಕಲ್ಲುಪ್ಪು.

ಉಪ್ಪು? ಅಣಕಿಸುವುದಕ್ಕಾ? ಎಸೆಯಲು ಕೈ ಎತ್ತಿದಳು... ಎಸೆಯಲಾಗಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು.

* * *

ಅಜ್ಜಿ ಹಿತ್ತಿಲ ಜಗಲಿಯ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕಡೆಯುತ್ತಿದ್ದಳು. ಚಿಕ್ಕಮ್ಮ ಮೂಡಬಿದ್ರೆಗೆ ಮರಳಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ರಾಜೀವಿ ಅಜ್ಜಿಯ ಮಡಿಲಲ್ಲಿ ಮುಖ ಇಟ್ಟು ಅತ್ತುಬಿಟ್ಟಳು. ತಾನು ಬಾಯಿಬಿಟ್ಟದ್ದು, ಅವನು ತೋಡಾರಿನಲ್ಲಿ ಹೇಳಿದ್ದು, ತಾನು ಬೈದದ್ದು, ಎಲ್ಲ ಹೇಳಿದಳು.

ಅಜ್ಜಿ ಬೈಯುತ್ತಾಳೆ ಅಂದುಕೊಂಡಿದ್ದಳು. ಅಜ್ಜಿ ಕಡೆಗೋಲು ನಿಲ್ಲಿಸಲೂ ಇಲ್ಲ.

"ನೀನು ಅಷ್ಟು ಬೈದೆ. ಅವನು ಎಂತ ಹೇಳಿದ?"

"ಏನೂ ಇಲ್ಲ. ಬಾವಿಯ ಕಲ್ಲಿನ ಮೇಲೆ ಒಂದು ಹಿಡಿ ಉಪ್ಪು ಇಟ್ಟು ಹೋದ."

ಈಗ ಕಡೆಗೋಲು ನಿಂತಿತು.

"ಎಲ್ಲಿ? ಕಲ್ಲಿನ ಮೇಲಾ?"

ರಾಜೀವಿ ಸೆರಗು ಬಿಚ್ಚಿ ಕಟ್ಟನ್ನು ಅಜ್ಜಿಯ ಅಂಗೈಯಲ್ಲಿ ಇಟ್ಟಳು. ಅಜ್ಜಿ ಬಾಳೆನಾರಿನ ಗಂಟನ್ನು ಬೆರಳಿನಿಂದ ಸವರಿದಳು. ಒಂದು ಹರಳು ಎತ್ತಿ ನಾಲಿಗೆಯ ಮೇಲೆ ಇಟ್ಟಳು. ಸುಕ್ಕುಗಟ್ಟಿದ ಆ ಮುಖದಲ್ಲಿ ರಾಜೀವಿ ಯಾವತ್ತೂ ನೋಡದಿದ್ದ ಒಬ್ಬ ಹುಡುಗಿ ಕಂಡಳು.

ಆಮೇಲೆ ಅಜ್ಜಿ ಹಾಡಿದಳು. ದನಿ ಒಡೆದಿತ್ತು, ಆದರೂ ರಾಗ ತಪ್ಪಲಿಲ್ಲ.

ಇಲ್ಲದಿದ್ದರೆ ಇಲ್ಲದೇ ಇರಲಿ,
ಕಲ್ಲಿನ ಮೇಲೆ ಉಪ್ಪುಂಟು.

"ಇದು ಅವನ ಸಾಲು ಮಗಾ. ಓಡದಿಂದ ಅವನು ಹಾಡ್ತಾ ಇದ್ದದ್ದು. ನಾನು ಮಜ್ಜಿಗೆ ಇಲ್ಲ ಅಂದ ದಿನವೂ ಬಟ್ಟೆ ಕಲ್ಲಿನ ಮೇಲೆ ಒಂದು ಕಟ್ಟು ಉಪ್ಪು ಇಟ್ಟು ಹೋಗ್ತಿದ್ದ. ಇದನ್ನು ನಾನು ನಿನಗೂ ಹೇಳಿರಲಿಲ್ಲ. ಹಾಗಾದರೆ ನಿನ್ನ ಸಿನಿಮಾದವನಿಗೆ ಯಾರು ಹೇಳಿದರು?"

ರಾಜೀವಿ ಅಜ್ಜಿಯ ಅಂಗೈಯ ಉಪ್ಪನ್ನೇ ನೋಡಿದಳು.

ಇಬ್ಬರಿಗೆ ಮಾತ್ರ ಗೊತ್ತಿದ್ದ ಸಾಲು. ಒಬ್ಬರು ಇಲ್ಲಿ, ತನ್ನ ಎದುರಿಗೆ. ಇನ್ನೊಬ್ಬರು...

"ಕುಂಞಿ ಬದುಕಿದ್ದಾನೆ," ಎಂದಳು ಅಜ್ಜಿ. ಆ ಹೆಸರನ್ನು ಅಜ್ಜಿಯ ಬಾಯಲ್ಲಿ ರಾಜೀವಿ ಕೇಳಿದ್ದು ಅದೇ ಮೊದಲು. "ತೋಡಾರಿನಲ್ಲಿ ಹಾಡಿದ್ದು ಅವನೇ. ನಿನ್ನ ಹುಡುಗ ಅಲ್ಲ."

ದೇವರೇ... ಅವನು ಹೇಳಲು ಬಂದಿದ್ದು ಇದನ್ನೇ. ಅಷ್ಟು ಜನರ ಎದುರು ಹೇಳಿದರೆ ಅಜ್ಜಿಯ ಗುಟ್ಟು ಊರಿಗೆ ಬೀಳುತ್ತದೆ ಅಂತ ಬಾಯಿ ಮುಚ್ಚಿಕೊಂಡು ಹೋದ. ನಾನು ಏನೆಲ್ಲ ಅಂದೆ!

ಅಜ್ಜಿ ಅವಳ ಕೂದಲು ಸವರಿದಳು. "ನಮ್ಮದು ಆಗದ ಮಾತಾಗಿತ್ತು. ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಒಂದು ಲೋಟ ಮಜ್ಜಿಗೆ, ಒಂದು ಹಿಡಿ ಉಪ್ಪು, ಅಷ್ಟೇ. ನಿನ್ನದು ಹಾಗಲ್ಲ. ಆಗುವ ಮಾತನ್ನು ಸಿಟ್ಟಿನಲ್ಲಿ ಕೆಡಿಸಿಕೊಂಡು ನನ್ನ ಹಾಗೆ ಲೋಟ ತುಂಬಿಸಿ ಕೂತುಕೊಳ್ಳಬೇಡ ಮಾರಾಯ್ತಿ. ಹೋಗು."

* * *

ಶನಿವಾರ ವ್ಯಾನು ಲಾಯಿಲದಲ್ಲಿ ಎಂದು ಹೆಡ್‌ಮಾಸ್ಟರಿಂದ ತಿಳಿಯಿತು. ರಾಜೀವಿ ಬೆಳ್ತಂಗಡಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಕೂಡಿಸಿಕೊಂಡ ಮಾತುಗಳೆಲ್ಲ ಲಾಯಿಲದ ಶಾಲೆಯ ಗೇಟಿನಲ್ಲೇ ಮರೆತುಹೋದವು.

ಬಾಗಿಲ ಚಾಪೆ ಸರಿಸಿ ಒಳಗೆ ಬಂದಳು. ಗೋಣಿಯ ಅದೇ ವಾಸನೆ, ಅದೇ ಕತ್ತಲೆ. ಪರದೆಯ ಮೇಲೆ ರಾಣಿ ಕುದುರೆ ಏರುತ್ತಿದ್ದಳು. ಆದರೆ ಕನ್ನಡದಲ್ಲಿ ಹೇಳುವ ದನಿ ಇರಲಿಲ್ಲ. ಮೈಕು ಮೇಜಿನ ಮೇಲೆ ಅನಾಥವಾಗಿ ಬಿದ್ದಿತ್ತು. ಇಂಗ್ಲಿಷ್ ತನ್ನ ಪಾಡಿಗೆ ಓಡುತ್ತಿತ್ತು, ಮಕ್ಕಳು ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ಯಂತ್ರದ ಪಕ್ಕ ನಿತ್ಯಾನಂದ ತಲೆ ತಗ್ಗಿಸಿ ನಿಂತಿದ್ದ.

ಮೈಕಿನಲ್ಲಿ ಇನ್ನು ಒಂದು ಮಾತೂ ಆಡುವುದಿಲ್ಲ ಎಂದು ನಿಶ್ಚಯಿಸಿದ್ದಾನೆ... ನನ್ನಿಂದ.

ಅವಳು ಹೋಗಿ ಮೈಕು ಎತ್ತಿಕೊಂಡಳು.

"ಮಕ್ಕಳೇ, ಈ ರಾಣಿ ರಿಬ್ಬನ್ನು ತರಲು ಹೊರಟದ್ದು..."

ಕತ್ತಲೆಯಲ್ಲಿ ಅವನ ತಲೆ ಥಟ್ಟನೆ ಮೇಲೆದ್ದಿತು. ಅವಳು ನೋಡಲಿಲ್ಲ. ನೋಡಿದರೆ ಅಳು ಬರುತ್ತದೆ ಎಂದು ಗೊತ್ತಿತ್ತು. ಕೋಟೆ, ದಾಯಾದಿಗಳು, ಮುಚ್ಚಿದ ಬಾಗಿಲು, ಎಲ್ಲ ಇದ್ದ ಹಾಗೆಯೇ ಹೇಳಿದಳು. ಕೊನೆಯಲ್ಲಿ ಮಾತ್ರ ಒಂದು ಮಾತು ಸೇರಿಸಿದಳು. ಹಾಡಿನಲ್ಲಿ ಅವಳು ಬರಲಿಲ್ಲ ಅಂತ ಉಂಟು, ಆದರೆ ಹೊಳೆ ಇಳಿದ ಮೇಲೆ ಬಂದಳು ಅಂತ ಹೇಳುವವರೂ ಇದ್ದಾರೆ, ನನಗೆ ಅವರ ಮಾತೇ ಇಷ್ಟ, ಎಂದಳು.

ಆಮೇಲೆ ಹಾಡಿದಳು. ಮಕ್ಕಳಿಗೆ ಗೊತ್ತಿದ್ದ ಹಾಡೇ. ಎಲ್ಲರೂ ದನಿಗೂಡಿಸಿದರು.

ಮಜ್ಜಿಗೆ ಉಂಟು, ಬೆಲ್ಲವೂ ಉಂಟು,
ದಡಕ್ಕೆ ಬಾರೋ ಓಡದವನೇ.

ರೀಲು ಮುಗಿದು ಅದರ ತುದಿ ಚಕ್ರದಲ್ಲಿ ಟಪಟಪ ಬಡಿಯುತ್ತಿತ್ತು. ಪರದೆ ಬರೀ ಬೆಳ್ಳಗೆ ಹೊಳೆಯುತ್ತಿತ್ತು. ಯಂತ್ರ ನಿಲ್ಲಿಸಬೇಕು ಎಂಬುದನ್ನೇ ಅವನು ಮರೆತಿದ್ದ.

ಹೊರಗೆ, ವ್ಯಾನಿನ ನೆರಳಿನಲ್ಲಿ, ಇಬ್ಬರೂ ಎದುರುಬದುರು ನಿಂತರು. ಮೊದಲು ಅವನೇ ತೋಡಾರಿನದ್ದು ಹೇಳಿದ. ಮಕ್ಕಳು ಹಾಡಿದ ಮೇಲೆ, ಮೊಮ್ಮಗಳ ಜೊತೆ ಬಂದಿದ್ದ ಒಬ್ಬ ಮುದುಕ ಎದ್ದು, ನೀವು ಅರ್ಧವೇ ಹಾಡ್ತೀರಿ ಮಕ್ಕಳೇ ಎಂದನಂತೆ. ಕ್ಷೀಣ ದನಿ ಎಂದು ಮೈಕು ಅವನ ಕೈಗೆ ಕೊಟ್ಟದ್ದೇ ತಪ್ಪಾಯಿತು, ಹುಡುಗಿ ಮತ್ತು ಓಡದವನ ಕಥೆ ಹೇಳಿ ಉಳಿದ ಸಾಲನ್ನೂ ಹಾಡಿಬಿಟ್ಟ. ಕತ್ತಲೆಯಲ್ಲಿ ಹೇಳಿದ್ದು ಯಾರು ಎಂದು ಹಿಂದಿನವರಿಗೆ ಕಾಣಲಿಲ್ಲ. ಮಹಮ್ಮದ್ ಕುಂಞಿ ಎಂದು ಆ ಮುದುಕನ ಹೆಸರು. ಆಮೇಲೆ ವ್ಯಾನಿನ ಹತ್ತಿರ ಬಂದು ಆ ಉಪ್ಪಿನ ಕಟ್ಟು ಕೊಟ್ಟ. ನೀನು ಪುಂಜಾಲಕಟ್ಟೆಗೂ ಹೋಗುವವನಲ್ಲ, ಅಲ್ಲಿಗೆ ಮದುವೆಯಾಗಿ ಹೋದವಳು ಇದ್ದಾಳೋ ಇಲ್ಲವೋ ಗೊತ್ತಿಲ್ಲ, ಇದ್ದರೆ ಕಲ್ಲಿನ ಮೇಲೆ ಇಟ್ಟುಬಿಡು, ಏನೂ ಹೇಳಬೇಡ, ಅವಳಿಗೆ ತಿಳೀತದೆ ಎಂದನಂತೆ.

"ಅವತ್ತು ನಾನು ಅಷ್ಟು ಹೇಳುವಾಗ ನೀವು ಒಂದು ಮಾತಾದರೂ..."

"ಅಷ್ಟು ಜನ ಕೂತಿದ್ದರಲ್ಲ ಟೀಚರೇ. ಬಾಯಿ ಬಿಟ್ಟರೆ ಅಜ್ಜಿಯ ಮಾತು ಹೊರಗೆ ಬೀಳ್ತದೆ."

"ನಾನು ನಿಮ್ಮನ್ನು ಕೆಟ್ಟವರು ಅಂತ ತಿಳಿದುಕೊಂಡರೂ ಪರವಾಗಿಲ್ಲ ಅಂತಲಾ?"

"ಪರವಾಗಿಲ್ಲ ಅಂತ ಅಲ್ಲ," ಎಂದು ಅವನು ನೆಲ ನೋಡಿದ. "ಅವತ್ತಿನಿಂದ ಊಟ ಸೇರಲಿಲ್ಲ."

ರಾಜೀವಿಯ ಕಣ್ಣು ತುಂಬಿತು. ತಪ್ಪಾಯಿತು ಎಂದಳು. ಅಷ್ಟನ್ನೇ ಹೇಳಲು ಅಷ್ಟು ದೂರ ಬಂದಿದ್ದರೂ ಅದು ತೀರಾ ಸಣ್ಣ ಮಾತು ಅನ್ನಿಸಿತು.

"ತೋಡಾರಿಗೆ ಹೋದರೆ ಆ ಅಜ್ಜನಿಗೆ ಹೇಳ್ಬೇಕಂತೆ, ಉಪ್ಪು ಸಿಕ್ಕಿತು ಅಂತ. ಅಜ್ಜಿ ಹೇಳಿ ಕಳಿಸಿದ್ದಾರೆ."

"ಅಷ್ಟೇನಾ?"

"ಮತ್ತೆ... ಒಂದು ಲೋಟ ಹೆಚ್ಚು ಯಾವಾಗಲೂ ಇತ್ತು ಅಂತ."

ಅವನು ಆಗಲಿ ಎಂದು ತಲೆಯಾಡಿಸಿದ. ಹೆಗಲ ಟವೆಲಿನಿಂದ ಕಣ್ಣು ಒರೆಸಿಕೊಂಡದ್ದನ್ನು ಬೆವರು ಎಂದು ತೋರಿಸಿಕೊಂಡ. ಆಮೇಲೆ ಬಹಳ ಮೆಲ್ಲಗೆ ಕೇಳಿದ.

"ಒಳಗೆ ಹಾಡಿದಿರಲ್ಲ ಟೀಚರೇ... ಅದು ಅಜ್ಜಿ ಹೇಳಿ ಕಳಿಸಿದ್ದಾ?"

"ಅಜ್ಜಿ ಹೇಳಿದ್ದು ಉಪ್ಪು ಸಿಕ್ಕಿತು ಅಂತ ಮಾತ್ರ. ಹಾಡಿದ್ದು ನಾನು. ನನ್ನ ಹೆಸರು ಟೀಚರ್ ಅಲ್ಲ."

"ರಾಜೀವಿ," ಎಂದ ಅವನು, ಹೊಸದಾಗಿ ಬಾಯಿಪಾಠ ಮಾಡುವವನ ಹಾಗೆ.

ಶಾಲೆಯ ಕಿಟಕಿಯಿಂದ ಯಾರೋ ಗೋಣಿಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಿದ್ದರು. ಒಳಗೆ ಬಿಸಿಲು ತುಂಬುತ್ತಿತ್ತು.

"ಭಾನುವಾರ ಪುಂಜಾಲಕಟ್ಟೆಗೆ ಬರಬೇಕು ಅಂತ ಉಂಟು," ಎಂದ. "ಅಪ್ಪ ಮನೆಯಲ್ಲಿ ಇರ್ತಾರಾ?"

ರಾಜೀವಿ ಅವನ ಮುಖವನ್ನು ಪೂರ್ತಿ ನೋಡಿದಳು. ಈಗ ಅದು ಅರ್ಧ ಕತ್ತಲೆಯಲ್ಲಿ ಇರಲಿಲ್ಲ.

"ಇರ್ತಾರೆ. ಅವರು ಇರುವಾಗಲೇ ಬನ್ನಿ... ಮಜ್ಜಿಗೆ ಉಂಟು."